ದೋಷಪಟ್ಟಿಯ ತರ್ಕ: ಎಂಜಿನ್ನಿನ ಐಡ್ಲಿಂಗ್ ವೇಗ ಹೆಚ್ಚಾದಾಗ ಮಾಡುವ ನಿದಾನವನ್ನು ಕುರಿತ ಒಂದು ವಿಮರ್ಶೆ

ಮೋಟಾರು ಕಾರಿನ ದುರಸ್ತಿಯನ್ನು ಕುರಿತ ಪುಸ್ತಕಗಳನ್ನು ತೆರೆದು ನೋಡಿದವರಿಗೆಲ್ಲ, ಪುಸ್ತಕದ ಕೊನೆಯಲ್ಲಿಯೋ ಪ್ರತಿ ಅಧ್ಯಾಯದ ತುದಿಯಲ್ಲಿಯೋ ಬರುವ ಒಂದು ಪಟ್ಟಿಯ ಪರಿಚಯವಿರುತ್ತದೆ. ಎಡಗಡೆಯ ಅಂಕಣದಲ್ಲಿ ಲಕ್ಷಣ, ನಡುವೆ ಸಂಭಾವ್ಯ ಕಾರಣ, ಬಲಗಡೆ ಪರಿಹಾರ. ನೀರೆತ್ತುವ ಪಂಪಿನ ಜೊತೆಗೆ ಬರುವ ಕಿರುಹೊತ್ತಗೆಯಲ್ಲಿಯೂ ಹೊಲಿಗೆಯ ಯಂತ್ರದ ಕೈಪಿಡಿಯಲ್ಲಿಯೂ ಇದೇ ಮೂರು ಅಂಕಣಗಳು ಕಾಣುತ್ತವೆ. ಇಷ್ಟು ವ್ಯಾಪಕವಾಗಿರುವ ರಚನೆಯನ್ನು ಶಾಸ್ತ್ರಸಾಹಿತ್ಯದ ಒಂದು ಪ್ರಕಾರವೆಂದೇ ಎಣಿಸಬೇಕು. ಪ್ರಕಾರವೆಂದ ಮೇಲೆ ಅದು ವಿಮರ್ಶೆಗೆ ಒಳಗಾಗತಕ್ಕದ್ದೇ. ಕಾವ್ಯದಲ್ಲಿ ಒಂದು ಅಲಂಕಾರ ಸೋತರೆ ನಷ್ಟವಾಗುವುದು ಓದುಗನ ಆನಂದ ಮಾತ್ರ. ದೋಷಪಟ್ಟಿಯಲ್ಲಿ ತರ್ಕ ಸೋತರೆ ಬಾಡಿಗೆ ಕಾರನ್ನು ನಂಬಿ ಸಂಸಾರ ಸಾಗಿಸುವವನ ಒಂದು ವಾರದ ಸಂಪಾದನೆ ಹೋಗುತ್ತದೆ. ಮುಂದೆ ಕಾಣುವಂತೆ, ಅದಕ್ಕಿಂತ ಹೆಚ್ಚಿನದೂ ಹೋಗಬಹುದು.

ಪ್ರಕೃತ ಲೇಖನದಲ್ಲಿ ಆ ಪಟ್ಟಿಯ ಒಂದೇ ಸಾಲನ್ನು ಆರಿಸಿಕೊಂಡಿದೆ: ಎಂಜಿನ್ನಿನ ಐಡ್ಲಿಂಗ್ ವೇಗ ಹೆಚ್ಚಾಗಿದೆ ಎಂಬ ಸಾಲು. ನಮ್ಮ ಗ್ಯಾರೇಜುಗಳ ಮಾತಿನಲ್ಲಿ ಇದು ‘ರೇಸ್ ಜಾಸ್ತಿ’. ಆಕ್ಸಿಲರೇಟರಿನಿಂದ ಕಾಲು ತೆಗೆದರೂ, ಗೇರು ತಪ್ಪಿಸಿದರೂ, ನಿಮಿಷಕ್ಕೆ 650ರಿಂದ 900 ಸುತ್ತುಗಳಲ್ಲಿ ನೆಲೆಸಬೇಕಾದ ಸಾಧಾರಣ ಪೆಟ್ರೋಲ್ ಎಂಜಿನ್ 1400 ಅಥವಾ 1800 ಸುತ್ತುಗಳಲ್ಲಿ ನಿಂತು ಗುಂಯ್‌ಗುಡುವುದೇ ಈ ದೋಷ. ಈ ಸಾಲಿನ ಮುಂದೆ ಪಟ್ಟಿಗಳು ಸಾಮಾನ್ಯವಾಗಿ ಕೊಡುವ ಕಾರಣಗಳು ಇವು: ಥ್ರಾಟಲ್ ಕೇಬಲ್ಲು ಬಿಗಿಯಾಗಿದೆ, ಐಡ್ಲಿಂಗ್ ಸ್ಕ್ರೂ ತಪ್ಪಾಗಿದೆ, ಚೋಕ್ ಹಿಂದಿರುಗಿಲ್ಲ, ವ್ಯಾಕ್ಯೂಂ ಲೀಕ್ ಇದೆ, ಐಡ್ಲಿಂಗ್ ಗಾಳಿಯ ಕವಾಟ ಕೆಟ್ಟಿದೆ, ಶೀತಕದ ಉಷ್ಣಸಂವೇದಕ ಕೆಟ್ಟಿದೆ, ಇಗ್ನಿಷನ್ ಮುಂದಾಗಿದೆ. ಇವುಗಳಲ್ಲಿ ಒಂದೂ ಸುಳ್ಳಲ್ಲ. ಆಕ್ಷೇಪವಿರುವುದು ಈ ಏಳನ್ನೂ ಒಂದರ ಕೆಳಗೊಂದು ಸರಿಸಮಾನವಾಗಿ ನಿಲ್ಲಿಸಿರುವುದಕ್ಕೆ.

ಮೊದಲು ಐಡ್ಲಿಂಗ್ ಎಂದರೇನೆಂಬುದನ್ನು ವಿಚಾರಿಸೋಣ. ಎಂಜಿನ್ ಆಗ ಯಾವ ಹೊರೆಯನ್ನೂ ಎಳೆಯುತ್ತಿಲ್ಲವೆಂದು ತೋರಿದರೂ, ತನ್ನ ಘರ್ಷಣೆಯನ್ನು ಗೆಲ್ಲಬೇಕು. ಬಹುಮಟ್ಟಿಗೆ ಮುಚ್ಚಿದ ಥ್ರಾಟಲಿನ ಹಿಂದಿನಿಂದ ಗಾಳಿಯನ್ನು ಎಳೆದುಕೊಳ್ಳುವ ಶ್ರಮವನ್ನು ಭರಿಸಬೇಕು. ಆಲ್ಟರ್ನೇಟರನ್ನೂ ನೀರಿನ ಪಂಪನ್ನೂ ತಿರುಗಿಸಬೇಕು. ಹುಟ್ಟುವ ಶಕ್ತಿ ಈ ವೆಚ್ಚಕ್ಕೆ ಸರಿಯಾಗುವ ವೇಗದಲ್ಲಿ ಎಂಜಿನ್ ನಿಲ್ಲುತ್ತದೆ. ಇದೊಂದು ಆಯವ್ಯಯದ ಲೆಕ್ಕ. ಆಯವೆಂದರೆ ಒಳಕ್ಕೆ ಹೋಗುವ ಗಾಳಿ. ಅದಕ್ಕೆ ತಕ್ಕಷ್ಟು ಪೆಟ್ರೋಲು ಹೇಗೂ ಹಿಂಬಾಲಿಸುತ್ತದೆ. ಆ ಗಾಳಿಯಿಂದ ಎಷ್ಟು ಶಕ್ತಿ ದೊರೆಯಿತು ಎಂಬುದು ವಿನಿಯೋಗ. ಘರ್ಷಣೆ ಮೊದಲಾದವು ವ್ಯಯ. ಐಡ್ಲಿಂಗ್ ವೇಗ ಏರಿತೆಂದರೆ ಗಾಳಿ ಹೆಚ್ಚಾಗಿರಬೇಕು, ಇಲ್ಲವೆ ಅದೇ ಗಾಳಿಯ ವಿನಿಯೋಗ ಉತ್ತಮಗೊಂಡಿರಬೇಕು, ಅದೂ ಇಲ್ಲವಾದರೆ ವ್ಯಯ ಇಳಿದಿರಬೇಕು. ನಾಲ್ಕನೆಯ ದಾರಿಯಿಲ್ಲ.

ಇಲ್ಲಿ ವಾಯುಚಲನಶಾಸ್ತ್ರದ ಒಂದು ಸಂಗತಿ ಬಹಳ ಉಪಕಾರಕವಾದುದು. ಬಿಸಿಯಾದ ಸ್ವಸ್ಥ ಎಂಜಿನ್ ಐಡ್ಲಿಂಗ್ ಮಾಡುವಾಗ ಮ್ಯಾನಿಫೋಲ್ಡಿನೊಳಗಿನ ಒತ್ತಡ ಸುಮಾರು 30ರಿಂದ 40 ಕಿಲೋಪಾಸ್ಕಲ್. ಹೊರಗಿನ ವಾಯುಮಂಡಲದ ಒತ್ತಡ ಸಮುದ್ರಮಟ್ಟದಲ್ಲಿ 101. ಒಂದು ಸಂದಿಯ ಕೆಳಬದಿಯ ಒತ್ತಡ ಮೇಲುಬದಿಯದರ 0.53 ಭಾಗಕ್ಕಿಂತ ಕಡಿಮೆಯಾದಾಗ, ಅದರೊಳಗೆ ಹರಿಯುವ ಗಾಳಿ ಶಬ್ದದ ವೇಗವನ್ನು ಮುಟ್ಟುತ್ತದೆ. ಆಮೇಲೆ ಕೆಳಬದಿಯಲ್ಲಿ ಎಷ್ಟು ಎಳೆದರೂ ಹರಿವು ಹೆಚ್ಚುವುದಿಲ್ಲ. ಆದಕಾರಣ ಐಡ್ಲಿಂಗಿನಲ್ಲಿ ಒಳಸೇರುವ ಗಾಳಿಯ ಪ್ರಮಾಣವನ್ನು ನಿರ್ಧರಿಸುವುದು ಎರಡೇ: ಸಂದಿಯ ವಿಸ್ತಾರ, ಹೊರಗಿನ ಒತ್ತಡ. ಎಂಜಿನ್ ತಾನಾಗಿ ಹೆಚ್ಚು ಗಾಳಿ ಎಳೆದುಕೊಂಡಿತು ಎಂಬ ಮಾತಿಗೆ ಅರ್ಥವಿಲ್ಲ. ಹೆಚ್ಚು ಗಾಳಿ ಹೋಗಿದ್ದರೆ ಎಲ್ಲಿಯೋ ಹೆಚ್ಚು ಸಂದಿ ತೆರೆದಿದೆ. ನಿದಾನವೆಲ್ಲ ಆ ಸಂದಿ ಎಲ್ಲಿದೆ, ಅದನ್ನು ಯಾರು ತೆರೆದರು ಎಂಬ ಎರಡು ಪ್ರಶ್ನೆಗಳಿಗೆ ಇಳಿಯುತ್ತದೆ. ಇಗ್ನಿಷನ್ ಮುಂದಾಗಿರುವುದು ವಿನಿಯೋಗದ ಮಾತು. ಅದನ್ನು ಟೈಮಿಂಗ್ ಲೈಟಿನಿಂದ ಎರಡು ನಿಮಿಷಗಳಲ್ಲಿ ಪರೀಕ್ಷಿಸಿ ಬದಿಗಿರಿಸಬಹುದು. ವ್ಯಯ ಇಳಿದು ವೇಗ ತುಸು ಏರುವುದು, ಉದಾಹರಣೆಗೆ ಎಣ್ಣೆ ಬಿಸಿಯಾದಾಗ, ಸ್ವಾಭಾವಿಕವಾದ ಸಂಗತಿ. ಉಳಿದವೆಲ್ಲ ಆಯದ ಕಡೆಯವು.

ಪಟ್ಟಿಯಲ್ಲಿ ಈ ವಿಭಾಗ ಕಾಣಿಸುವುದೇ ಇಲ್ಲ. ಕಾರ್ಯದಿಂದ ಕಾರಣವನ್ನು ಊಹಿಸುವ ಶೇಷವತ್ ಅನುಮಾನದ ತೊಡಕನ್ನು ನಮ್ಮ ನೈಯಾಯಿಕರು ಬಹಳ ಹಿಂದೆಯೇ ಚರ್ಚಿಸಿದ್ದಾರೆ. ಹೊಳೆ ಉಕ್ಕಿದುದನ್ನು ಕಂಡು ಮೇಲೆ ಮಳೆಯಾಗಿದೆಯೆಂದು ಊಹಿಸುವುದು ಪ್ರಸಿದ್ಧ ಉದಾಹರಣೆ. ಗೌತಮನ ನ್ಯಾಯಸೂತ್ರಗಳ ಎರಡನೆಯ ಅಧ್ಯಾಯದಲ್ಲಿ ಪೂರ್ವಪಕ್ಷಿ ಇದನ್ನು ಆಕ್ಷೇಪಿಸುತ್ತಾನೆ: ಕೆಳಗೆ ಅಡ್ಡಗಟ್ಟಿದ್ದರೂ ಹೊಳೆ ಉಕ್ಕೀತು, ಆದುದರಿಂದ ಈ ಅನುಮಾನ ಪ್ರಮಾಣವಲ್ಲ ಎಂದು. ಅದಕ್ಕೆ ವಾತ್ಸ್ಯಾಯನನ ಭಾಷ್ಯ ಕೊಡುವ ಸಮಾಧಾನವನ್ನು ಪ್ರತಿಯೊಬ್ಬ ಮೆಕ್ಯಾನಿಕನೂ ತಿಳಿದಿರುವುದು ಒಳ್ಳೆಯದು. ಬರಿಯ ಉಕ್ಕುವಿಕೆ ಹೇತುವಲ್ಲ. ಸೆಳವಿನ ರಭಸ, ನೊರೆ, ತೇಲಿಬರುವ ಹಣ್ಣು ಎಲೆ ಕಟ್ಟಿಗೆ, ಇವುಗಳೊಡನೆ ಕೂಡಿದ ವಿಶಿಷ್ಟವಾದ ಉಕ್ಕುವಿಕೆಯೇ ಮಳೆಗೆ ಹೇತು. ಅಡ್ಡಗಟ್ಟಿದ ನೀರು ಏರುತ್ತದೆ, ಆದರೆ ನೊರೆ ಹೊತ್ತು ಧಾವಿಸುವುದಿಲ್ಲ. ದೋಷಪಟ್ಟಿಯ ಎಡಗಡೆಯ ಅಂಕಣ ಕೊಡುವುದು ಬರಿಯ ಉಕ್ಕುವಿಕೆಯನ್ನು. ನೊರೆಯನ್ನೂ ಎಲೆಯನ್ನೂ ನೋಡಲು ಅದು ಹೇಳುವುದಿಲ್ಲ.

ನೋಡತಕ್ಕ ನೊರೆ ಎಲೆಗಳು ಇಲ್ಲಿಯೂ ಉಂಟು. ತಣ್ಣಗಿರುವಾಗ ಸರಿಯಾಗಿದ್ದು ಬಿಸಿಯಾದ ಮೇಲೆ ವೇಗ ಏರುತ್ತದೆಯೋ, ಅಥವಾ ತಣ್ಣಗಿದ್ದಾಗಿನ ವೇಗವೇ ಬಿಸಿಯಾದ ಮೇಲೂ ಇಳಿಯದೆ ಉಳಿಯುತ್ತದೆಯೋ? ಪೆಡಲನ್ನು ಒಮ್ಮೆ ತಟ್ಟಿ ಬಿಟ್ಟರೆ ಇಳಿಯುತ್ತದೆಯೋ? ವೇಗ ಸ್ಥಿರವಾಗಿದೆಯೋ, ಏರಿ ಇಳಿದು ಉಯ್ಯಾಲೆಯಾಡುತ್ತಿದೆಯೋ? ಬ್ರೇಕು ಒತ್ತಿದಾಗ ಬದಲಾಗುತ್ತದೆಯೋ? ತಟ್ಟಿದರೆ ಇಳಿಯುವುದು ಕೇಬಲ್ಲೋ ಸ್ಪ್ರಿಂಗೋ ಸಿಕ್ಕಿಕೊಂಡಿರುವುದರ ಗುರುತು. ಪೆಟ್ರೋಲು ಚಿಮ್ಮಿಸುವ ಎಂಜಿನ್ನುಗಳಲ್ಲಿ ಉಯ್ಯಾಲೆಯಾಡುವುದಕ್ಕೆ ಬೇರೊಂದು ಅರ್ಥವಿದೆ. ಥ್ರಾಟಲ್ ಮುಚ್ಚಿದೆ, ಆದರೂ ವೇಗ ಹೆಚ್ಚಿದೆ. ಕಾರು ಇಳಿಜಾರಿನಲ್ಲಿ ಉರುಳುತ್ತಿದೆಯೆಂದು ಎಣಿಸಿದ ನಿಯಂತ್ರಕ ಪೆಟ್ರೋಲನ್ನು ನಿಲ್ಲಿಸುತ್ತದೆ. ವೇಗ ಇಳಿದೊಡನೆ ಮತ್ತೆ ಕೊಡುತ್ತದೆ. ಸಂದಿಯ ಗಾಳಿ ಮತ್ತೆ ವೇಗವನ್ನು ಏರಿಸುತ್ತದೆ. ಪೆಡಲ್ ಮುಟ್ಟದೆಯೇ ಉಸಿರಾಡುವಂತೆ ಏರಿಳಿಯುವ ಎಂಜಿನ್, ಹೆಚ್ಚಿನ ಗಾಳಿ ದೊಡ್ಡ ಪ್ರಮಾಣದಲ್ಲಿ ಬರುತ್ತಿದೆಯೆಂಬುದನ್ನು ತಾನೇ ಹೇಳುತ್ತಿರುತ್ತದೆ.

ಆಯುರ್ವೇದದವರು ರೋಗಜ್ಞಾನಕ್ಕೆ ಐದು ಉಪಾಯಗಳನ್ನು ಹೇಳುತ್ತಾರೆ: ನಿದಾನ, ಪೂರ್ವರೂಪ, ರೂಪ, ಉಪಶಯ, ಸಂಪ್ರಾಪ್ತಿ. ಮಾಧವಕರನ ರೋಗವಿನಿಶ್ಚಯದ ಆರಂಭದಲ್ಲಿಯೇ ಈ ಪಂಚಕ ಬರುತ್ತದೆ. ನಮ್ಮ ಪಟ್ಟಿಯಲ್ಲಿ ರೂಪವಿದೆ, ನಿದಾನವಿದೆ. ಕಾರಣವು ಯಾವ ಮಾರ್ಗದಿಂದ ಲಕ್ಷಣವಾಗಿ ಪರಿಣಮಿಸಿತೆಂಬ ಸಂಪ್ರಾಪ್ತಿ ಇಲ್ಲ. ಅದಿಲ್ಲದ ಕಡೆ ಉಪಶಯಕ್ಕೂ, ಎಂದರೆ ಒಂದನ್ನು ಮಾಡಿ ನೋಡಿ ಅದರಿಂದ ತಿಳಿಯುವ ಕ್ರಮಕ್ಕೂ, ನೆಲೆಯಿಲ್ಲ. ಬಿಡಿಭಾಗಗಳನ್ನು ಒಂದಾದ ಮೇಲೊಂದರಂತೆ ಬದಲಾಯಿಸುತ್ತ ಹೋಗುವುದೊಂದೇ ಉಳಿಯುತ್ತದೆ. (ಸಂಸ್ಕೃತದಲ್ಲಿ ಮೂಲಕಾರಣವೆಂಬ ಅರ್ಥದ ‘ನಿದಾನ’ ಕನ್ನಡದ ಆಡುಮಾತಿನಲ್ಲಿ ಸಾವಕಾಶವೆಂಬ ಅರ್ಥವನ್ನು ತಾಳಿದೆ. ಗ್ಯಾರೇಜಿನಲ್ಲಿ ಎರಡು ಅರ್ಥಗಳೂ ಬೇಕು.)

ಸಂಪ್ರಾಪ್ತಿಯನ್ನು ಬಿಟ್ಟುದರಿಂದ ಆಗುವ ಹಾನಿಯನ್ನು ‘ವ್ಯಾಕ್ಯೂಂ ಲೀಕ್’ ಎಂಬ ಒಂದು ಉಲ್ಲೇಖದಲ್ಲಿಯೇ ತೋರಿಸಬಹುದು. ಹೆಸರೇ ಸರಿಯಿಲ್ಲ: ನಿರ್ವಾತವೆಂಬುದು ಸೋರಿಹೋಗುವ ವಸ್ತುವಲ್ಲ, ಗಾಳಿ ಒಳಕ್ಕೆ ನುಗ್ಗುತ್ತದೆ. ಜರ್ಮನ್ ಮೆಕ್ಯಾನಿಕರು ಇದನ್ನು ‘ಫಾಲ್ಷ್‌ಲುಫ್ಟ್’, ಎಂದರೆ ಸುಳ್ಳುಗಾಳಿ, ಎನ್ನುತ್ತಾರೆ. ಕನ್ನಡದಲ್ಲಿ ‘ಕಳ್ಳಗಾಳಿ’ ಎಂದರೆ ಇನ್ನೂ ಸ್ಪಷ್ಟ: ಲೆಕ್ಕಕ್ಕೆ ಸಿಗದೆ, ಬಾಗಿಲಿನಿಂದ ಬಾರದೆ, ಗೋಡೆಯ ಕನ್ನದಿಂದ ಬಂದದ್ದು. ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ಟು ಸುಟ್ಟಿದ್ದರೆ, ರಬ್ಬರಿನ ಕೊಳವೆ ಬಿರಿದಿದ್ದರೆ, ಕ್ರ್ಯಾಂಕ್‌ಕೇಸಿನ ಆವಿಯನ್ನು ಸಾಗಿಸುವ ಕವಾಟ ತೆರೆದೇ ಉಳಿದಿದ್ದರೆ ಕಳ್ಳಗಾಳಿ ಬರುತ್ತದೆ. ಬಂದ ಮೇಲೆ ಏನಾಗುತ್ತದೆ? ಪಟ್ಟಿಯ ಪ್ರಕಾರ ವೇಗ ಏರುತ್ತದೆ. ವಾಸ್ತವವಾಗಿ ಇದು ಎಂಜಿನ್ ಗಾಳಿಯನ್ನು ಅಳೆಯುವ ಬಗೆಯನ್ನು ಅವಲಂಬಿಸಿದೆ.

ಮ್ಯಾನಿಫೋಲ್ಡಿನ ಒತ್ತಡವನ್ನು ಅಳೆದು ಪೆಟ್ರೋಲನ್ನು ನಿರ್ಧರಿಸುವ ಎಂಜಿನ್ನಿನಲ್ಲಿ ಕಳ್ಳಗಾಳಿ ಕಳ್ಳತನವಾಗಿ ಉಳಿಯುವುದಿಲ್ಲ. ಅದು ಒತ್ತಡವನ್ನು ಏರಿಸುತ್ತದೆ, ಸಂವೇದಕ ಅದನ್ನು ಓದುತ್ತದೆ, ನಿಯಂತ್ರಕ ಅದಕ್ಕೆ ತಕ್ಕ ಪೆಟ್ರೋಲನ್ನು ಕೊಡುತ್ತದೆ. ಮಿಶ್ರಣ ಸರಿಯಾಗಿಯೇ ಇರುತ್ತದೆ, ಆದರೆ ಪ್ರಮಾಣ ಹೆಚ್ಚಾಗಿ ಎಂಜಿನ್ ನಯವಾಗಿ, ಆರೋಗ್ಯದಿಂದಲೇ ಎಂಬಂತೆ, ವೇಗವಾಗಿ ಓಡುತ್ತದೆ. ಬಾಯಲ್ಲಿಯೇ ಗಾಳಿಯ ರಾಶಿಯನ್ನು ಅಳೆಯುವ ಎಂಜಿನ್ನಿನ ಕಥೆ ಬೇರೆ. ಅಲ್ಲಿ ಮಾಪಕದ ಹಿಂದೆ ಸೇರಿದ ಗಾಳಿ ಲೆಕ್ಕಕ್ಕೆ ಬಾರದು. ಮಿಶ್ರಣ ತೆಳುವಾಗಿ ಎಂಜಿನ್ ತಡವರಿಸುತ್ತದೆ. ಆಮ್ಲಜನಕ ಸಂವೇದಕದ ದೂರನ್ನು ಕೇಳಿ ನಿಯಂತ್ರಕ ಪೆಟ್ರೋಲನ್ನು ಕೂಡಿಸುತ್ತ ಹೋದ ಮೇಲೆಯೇ ವೇಗ ಏರೀತು. ಆ ಕೂಡಿಕೆ ಐಡ್ಲಿಂಗಿನಲ್ಲಿ ಬಹಳ ಹೆಚ್ಚಾಗಿದ್ದು 2500 ಸುತ್ತುಗಳಲ್ಲಿ ಸಹಜಕ್ಕೆ ಇಳಿದರೆ ಕಳ್ಳಗಾಳಿಗೆ ಅದೇ ಸಾಕ್ಷಿ, ಏಕೆಂದರೆ ಥ್ರಾಟಲ್ ತೆರೆದಾಗ ಸಣ್ಣ ಸಂದಿಯ ಪಾಲು ನಗಣ್ಯವಾಗುತ್ತದೆ. ಮೊದಲನೆಯ ಬಗೆಯ ಎಂಜಿನ್ನಿನಲ್ಲಿ ಈ ಸಾಕ್ಷಿಯನ್ನು ಹುಡುಕಿ, ಕಾಣದೆ, ಕಳ್ಳಗಾಳಿಯಿಲ್ಲವೆಂದು ತೀರ್ಮಾನಿಸುವವರಿದ್ದಾರೆ. ಅಲ್ಲಿ ಆ ಸಾಕ್ಷಿ ಇರಬೇಕಾದ್ದೇ ಇಲ್ಲ.

ಕಾರ್ಬುರೇಟರಿನಲ್ಲಿ ಇನ್ನೂ ವಿಚಿತ್ರ. ಅಂಬಾಸಡರ್, ಪ್ರೀಮಿಯರ್ ಪದ್ಮಿನಿ, ಮೊದಲ ವರ್ಷಗಳ ಮಾರುತಿ 800 ಕಾರುಗಳ ಐಡ್ಲಿಂಗ್ ಮಿಶ್ರಣವನ್ನು ಸಾಮಾನ್ಯವಾಗಿ ತುಸು ಗಾಢವಾಗಿಯೇ ಇಡುತ್ತಿದ್ದರು. ಅಂಥಲ್ಲಿ ಅತ್ಯಲ್ಪ ಕಳ್ಳಗಾಳಿ ಸೇರಿದರೆ ಮಿಶ್ರಣ ಉತ್ತಮಗೊಂಡು ವೇಗ ಏರುತ್ತದೆ. ಸ್ವಲ್ಪ ಹೆಚ್ಚಾದರೆ ಎಂಜಿನ್ ನಡುಗುತ್ತದೆ. ಮತ್ತೂ ಹೆಚ್ಚಾದರೆ ನಿಲ್ಲುತ್ತದೆ. ನಿಲ್ಲುವುದನ್ನು ತಪ್ಪಿಸಲು ಯಾರಾದರೂ ಸ್ಕ್ರೂ ತಿರುಗಿಸಿ ಥ್ರಾಟಲನ್ನು ತೆರೆದರೆ ಮತ್ತೆ ವೇಗ ಹೆಚ್ಚು! ಹೀಗೆ ಪಟ್ಟಿಯ ಒಂದೇ ಸಾಲು ಮೊದಲನೆಯ ಬಗೆಯ ಎಂಜಿನ್ನಿಗೆ ಸತ್ಯ, ಎರಡನೆಯದಕ್ಕೆ ಅರ್ಧಸತ್ಯ, ಮೂರನೆಯದಕ್ಕೆ ಪ್ರಮಾಣವನ್ನು ಅವಲಂಬಿಸಿ ಸತ್ಯವೂ ಸುಳ್ಳೂ ಆಗುತ್ತದೆ. ಅಂಬಾಸಡರಿನ ತಯಾರಿಕೆಯೂ ಮಾರುತಿ 800ರ ತಯಾರಿಕೆಯೂ 2014ರಲ್ಲಿ ನಿಂತುವು. ಆ ಕಾಲದ ಪಟ್ಟಿಯ ಸಾಲುಗಳು ಮಾತ್ರ ಹೊಸ ಎಂಜಿನ್ನುಗಳ ಪುಸ್ತಕಗಳಿಗೆ ಹಾಗೆಯೇ ಸಾಗಿಬಂದಿವೆ.

ಇವೆಲ್ಲಕ್ಕೂ ಮೊದಲು ಮಾಡತಕ್ಕ, ಮೂರು ಬಗೆಯ ಎಂಜಿನ್ನುಗಳಿಗೂ ಸಲ್ಲುವ ಪರೀಕ್ಷೆಯೊಂದಿದೆ. ಅದು ಪಟ್ಟಿಯ ಆಕಾರಕ್ಕೆ ಒಗ್ಗದು. ಅದಕ್ಕಾಗಿಯೇ ಪಟ್ಟಿಗಳಲ್ಲಿ ಅಪರೂಪವೆಂದು ನಮ್ಮ ಊಹೆ. ಗಾಳಿ ಒಳಸೇರುವ ಬಾಯನ್ನು ಥ್ರಾಟಲಿನ ಮೇಲುಗಡೆ ಪೂರ್ತಿಯಾಗಿ ಮುಚ್ಚುವುದು. ಇದಕ್ಕೆ ಅಂಗೈಯನ್ನಾಗಲಿ ಬಟ್ಟೆಯನ್ನಾಗಲಿ ಬಳಸಕೂಡದು, ಸೆಳೆತ ಬಲವಾದುದು. ರಬ್ಬರು ಹೊದಿಸಿದ ಚಪ್ಪಟೆ ಹಲಗೆಯ ತುಂಡು ತಕ್ಕದ್ದು. ಸ್ವಸ್ಥ ಎಂಜಿನ್ ಕೂಡಲೇ ನಿಲ್ಲಬೇಕು. ವೇಗದ ದೋಷವಿರುವ ಎಂಜಿನ್ನೂ ನಿಂತರೆ, ಹೆಚ್ಚಿನ ಗಾಳಿ ಬಾಯಿಯ ಮೂಲಕವೇ ಬರುತ್ತಿತ್ತೆಂದಾಯಿತು: ಥ್ರಾಟಲ್ ಪೂರ್ತಿ ಮುಚ್ಚಿಲ್ಲ, ಅಥವಾ ಅದನ್ನು ಬಳಸಿ ಹೋಗುವ ಐಡ್ಲಿಂಗ್ ಗಾಳಿಯ ದಾರಿ ತೆರೆದಿದೆ. ನಿಲ್ಲದೆ ಓಡುತ್ತಿದ್ದರೆ ಅದು ಕನ್ನದ ಗಾಳಿ. ಏಳು ಕಾರಣಗಳ ಸಾಲು ಒಂದು ಕ್ಷಣದಲ್ಲಿ ಎರಡಾಗಿ ಸೀಳುತ್ತದೆ. ಕನ್ನದ ಪಕ್ಷ ನಿಂತರೆ ಕೊಳವೆಗಳನ್ನು ಒಂದೊಂದಾಗಿ ಅದುಮಿ ನೋಡಬೇಕು; ಯಾವುದನ್ನು ಅದುಮಿದಾಗ ವೇಗ ಬೀಳುತ್ತದೆಯೋ ಅದರ ಆಚೆಗಿದೆ ಸಂದಿ. ಪುಸ್ತಕಗಳು ಹೇಳುವಂತೆ ಕಾರ್ಬುರೇಟರ್ ತೊಳೆಯುವ ದ್ರವವನ್ನು ಕೀಲುಗಳಿಗೆ ಸಿಂಪಡಿಸುವುದೂ ಫಲಕಾರಿಯೇ. ಆದರೆ ಬಿಸಿಯಾದ ಎಕ್ಸಾಸ್ಟಿನ ಪಕ್ಕದಲ್ಲಿ ಬೇಗ ಹೊತ್ತಿಕೊಳ್ಳುವ ದ್ರವವನ್ನು ಚೆಲ್ಲಲು ಹೇಳುವ ಲೇಖಕ, ಬೆಂಕಿಯಾರಿಸುವ ಸಾಧನ ಕೈಗೆಟಕುವಂತಿರಲಿ ಎಂಬ ಮಾತನ್ನು ಅದೇ ವಾಕ್ಯದಲ್ಲಿ ಸೇರಿಸಬೇಕು.

ಬಾಯಿಯ ಪಕ್ಷ ನಿಂತರೆ ಎರಡನೆಯ ಪ್ರಶ್ನೆ: ಸಂದಿಯನ್ನು ತೆರೆದವರು ಯಾರು? ಕೇಬಲ್ಲು, ಸ್ಪ್ರಿಂಗು, ಸ್ಕ್ರೂ ಎಂಬ ಕೈಗಳಿರಬಹುದು. ಅಥವಾ ಬೇಕೆಂದೇ ತೆರೆಯುವ ನಿಯಂತ್ರಕವಿರಬಹುದು, ಎಂಜಿನ್ ಇನ್ನೂ ತಣ್ಣಗಿದೆಯೆಂದು ಅದು ನಂಬಿದ್ದರೆ. ಈ ನಂಬಿಕೆಯ ಮೂಲವನ್ನು ಪಟ್ಟಿಗಳು ‘ಉಷ್ಣಸಂವೇದಕವನ್ನು ಬದಲಾಯಿಸಿ’ ಎಂದು ಮುಗಿಸುತ್ತವೆ. ಸಂವೇದಕದ ವಿದ್ಯುನ್ನಿರೋಧ ಬಿಸಿಯೇರಿದಂತೆ ಇಳಿಯುತ್ತದೆ: 20 ಡಿಗ್ರಿಯಲ್ಲಿ ಸಾಮಾನ್ಯವಾಗಿ ಎರಡು ಮೂರು ಸಾವಿರ ಓಮ್, 80 ಡಿಗ್ರಿಯಲ್ಲಿ ಮುನ್ನೂರರ ಆಸುಪಾಸು. ತಂತಿಯ ಕೂಡಿಕೆಯಲ್ಲಿ ಕಿಲುಬು ಹಿಡಿದು ಕೆಲವು ನೂರು ಓಮ್ ಸೇರಿಕೊಂಡರೆ ಬಿಸಿ ಎಂಜಿನ್ ನಿಯಂತ್ರಕಕ್ಕೆ ತಣ್ಣಗೆ ಕಾಣುತ್ತದೆ. ಸಂವೇದಕವನ್ನು ಹತ್ತು ಸಲ ಬದಲಾಯಿಸಿದರೂ ಗುಣವಿಲ್ಲ. ಶೀತಕದ ನೀರು ಇಳಿದು ಸಂವೇದಕದ ಸುತ್ತ ಗಾಳಿಯ ಗುಳ್ಳೆ ನಿಂತರೂ ಇದೇ ಪರಿಣಾಮ. ಬಿಸಿನೀರಿನಿಂದ ಹಿಗ್ಗಿ ದಾರಿಯನ್ನು ಮುಚ್ಚುವ ಮೇಣದ ಕವಾಟವಿರುವ ಎಂಜಿನ್ನುಗಳಲ್ಲಿ, ನೀರು ಮುಟ್ಟದಿದ್ದರೆ ಮೇಣ ಹಿಗ್ಗುವುದಿಲ್ಲ, ದಾರಿ ಮುಚ್ಚುವುದಿಲ್ಲ. ಬಿಸಿಲಿನ ನಾಡಿಗೆ ಥರ್ಮೋಸ್ಟಾಟ್ ಬೇಕಿಲ್ಲವೆಂದು ಅದನ್ನು ಕಿತ್ತೆಸೆಯುವ ಅಭ್ಯಾಸ ನಮ್ಮ ಗ್ಯಾರೇಜುಗಳಲ್ಲಿ ಬಹುಕಾಲದಿಂದ ಬಂದಿದೆ. ಅಂಥ ಎಂಜಿನ್ ಮಳೆಗಾಲದ ಬೆಳಗ್ಗೆ ನಿಜವಾಗಿಯೇ ತಣ್ಣಗಿರುತ್ತದೆ. ಸಂವೇದಕ ಸತ್ಯವನ್ನೇ ನುಡಿಯುತ್ತಿದೆ, ನಿಯಂತ್ರಕ ಧರ್ಮವನ್ನೇ ನಡೆಸುತ್ತಿದೆ. ಅಪರಾಧಿ ಎಂಜಿನ್ನಿನಲ್ಲಿ ಇಲ್ಲದ ಭಾಗ. ಇಲ್ಲದ ಭಾಗವನ್ನು ಯಾವ ಪಟ್ಟಿ ತಾನೆ ಹೆಸರಿಸೀತು?

ಈಗ ಬಲಗಡೆಯ ಅಂಕಣಕ್ಕೆ ಬರೋಣ. ಹೆಚ್ಚಿನ ಪಟ್ಟಿಗಳಲ್ಲಿ ‘ಐಡ್ಲಿಂಗ್ ಸ್ಕ್ರೂ ಹೊಂದಿಸಿ’ ಎಂಬುದು ಮೊದಲು ಬರುತ್ತದೆ, ಅದು ಸುಲಭ ಮತ್ತು ಖರ್ಚಿಲ್ಲದ್ದು ಎಂಬ ಕಾರಣದಿಂದ. ನಮ್ಮ ಮುಖ್ಯ ಆಕ್ಷೇಪ ಇದರ ಮೇಲೆಯೇ. ಸ್ಕ್ರೂ ತಾನಾಗಿ ತಿರುಗುವುದು ವಿರಳ. ನಿನ್ನೆ ಸರಿಯಾಗಿದ್ದ ವೇಗ ಇಂದು ಏರಿದ್ದರೆ ಬದಲಾದದ್ದು ಬೇರೆ ಏನೋ. ಬ್ರೇಕಿಗೆ ನೆರವು ಕೊಡುವ ಬೂಸ್ಟರ್ ಮ್ಯಾನಿಫೋಲ್ಡಿನ ನಿರ್ವಾತವನ್ನು ನಂಬಿರುವ ಸಾಧನ. ಅದರೊಳಗಿನ ರಬ್ಬರಿನ ಪೊರೆ ಹರಿದರೆ ಅದೇ ಕನ್ನವಾಗುತ್ತದೆ. ಆಗ ಎಂಜಿನ್ ವೇಗವಾಗಿ ಓಡುವುದು ಮುನ್ಸೂಚನೆ, ಆಯುರ್ವೇದದ ಮಾತಿನಲ್ಲಿ ಪೂರ್ವರೂಪ. ಸ್ಕ್ರೂ ತಿರುಗಿಸಿ ಬಾಯಿಯ ಗಾಳಿಯನ್ನು ಅಷ್ಟು ಕಡಿಮೆ ಮಾಡಿದರೆ ಕನ್ನದ ಗಾಳಿಯೂ ಬಾಯಿಯ ಗಾಳಿಯೂ ಸೇರಿ ಮೊದಲಿನ ಮೊತ್ತವೇ ಆಗುತ್ತದೆ. ವೇಗ ಸರಿಹೋಯಿತು, ಗಿರಾಕಿ ಸಂತೋಷಪಟ್ಟ, ಮುನ್ಸೂಚನೆ ಮೌನವಾಯಿತು; ಹರಿದ ಪೊರೆ ಹರಿಯುತ್ತಲೇ ಹೋಗುತ್ತದೆ. ಅದರ ಅರಿವಾಗುವುದು ಚಾರ್ಮಾಡಿಯ ಇಳಿಜಾರಿನಲ್ಲಿ ಪೆಡಲು ಕಲ್ಲಿನಂತೆ ಗಟ್ಟಿಯಾದಾಗ. ಇದನ್ನು ತಪ್ಪಿಸಲು ಬೇಕಾದ ಪರೀಕ್ಷೆಗೆ ಯಾವ ಉಪಕರಣವೂ ಬೇಡ. ಎಂಜಿನ್ ನಿಲ್ಲಿಸಿ, ಪೆಡಲು ಗಟ್ಟಿಯಾಗುವವರೆಗೆ ನಾಲ್ಕಾರು ಸಲ ಒತ್ತಿ, ಒತ್ತಿಹಿಡಿದೇ ಎಂಜಿನ್ ಹೂಡಬೇಕು. ಪೆಡಲು ಕಾಲಿನಡಿಯಲ್ಲಿ ತುಸು ಇಳಿದರೆ ಬೂಸ್ಟರ್ ಕೆಲಸ ಮಾಡುತ್ತಿದೆ. ಓಡುತ್ತಿರುವಾಗ ಪೆಡಲು ಒತ್ತಿದರೆ ಬುಸ್ಸೆಂದು ಸದ್ದಾಗಿ ವೇಗ ಬದಲಾಗುವುದಾದರೆ ಪೊರೆಯನ್ನು ಸಂದೇಹಿಸಬೇಕು. ಐಡ್ಲಿಂಗ್ ವೇಗದ ಸಾಲಿನಲ್ಲಿ ಮೊದಲನೆಯದಾಗಿ ನಿಲ್ಲಬೇಕಾದದ್ದು ಇದು, ಸ್ಕ್ರೂ ಅಲ್ಲ. ಸಂಭವದಲ್ಲಿ ಇದು ಕೊನೆಯದಿರಬಹುದು, ಪರಿಣಾಮದಲ್ಲಿ ಮೊದಲನೆಯದು.

ನಿಯಂತ್ರಕವಿರುವ ಕಾರುಗಳಲ್ಲಿ ಸ್ಕ್ರೂವಿನ ಕೆಲಸವನ್ನು ಗಾಳಿಯ ಕವಾಟ ತಾನೇ ಮಾಡುತ್ತದೆ, ಮತ್ತು ಅದೇ ಬಗೆಯಲ್ಲಿ ದೋಷವನ್ನು ಮರೆಸುತ್ತದೆ. ಕಳ್ಳಗಾಳಿ ಬೆಳೆದಂತೆ ಕವಾಟ ಮುಚ್ಚುತ್ತ ಹೋಗುತ್ತದೆ. ಪೂರ್ತಿ ಮುಚ್ಚಿ ಇನ್ನು ಮುಚ್ಚಲಾರದ ದಿನ ವೇಗ ಏರುತ್ತದೆ. ಆಗ ಸಂಕೇತಸಂಖ್ಯೆ ಹುಟ್ಟುತ್ತದೆ: ಪಿ 0507. ಅಮೆರಿಕದಲ್ಲಿ 1996ರ ಮಾದರಿಯ ಕಾರುಗಳಿಂದ ಕಡ್ಡಾಯವಾದ ಸ್ವಯಂಪರೀಕ್ಷಾ ಪದ್ಧತಿಯ ಈ ಸಂಖ್ಯೆಗಳು ಈಗ ನಮ್ಮ ಊರಿನ ಚಿಕ್ಕ ಗ್ಯಾರೇಜಿನ ಕೈಯುಪಕರಣದಲ್ಲಿಯೂ ಮೂಡುತ್ತವೆ, ಮತ್ತು ಅವಕ್ಕೆ ಆಪ್ತವಾಕ್ಯದ ಗೌರವ ದೊರೆತಿದೆ. ಪಿ 0507ರ ಅರ್ಥವೇನು? ಐಡ್ಲಿಂಗ್ ವೇಗ ನಿರೀಕ್ಷೆಗಿಂತ, ಸಾಮಾನ್ಯವಾಗಿ ಸುಮಾರು 200 ಸುತ್ತುಗಳಷ್ಟು, ಹೆಚ್ಚಾಗಿದೆ ಎಂದು. ಗಿರಾಕಿ ಬಾಯಲ್ಲಿ ಹೇಳಿದ್ದನ್ನೇ ಯಂತ್ರ ಅಂಕಿಯಲ್ಲಿ ಹೇಳಿತು. ಇದು ಲಕ್ಷಣದ ಭಾಷಾಂತರವೇ ಹೊರತು ಕಾರಣದ ನಿರ್ಣಯವಲ್ಲ. ಇದನ್ನು ಕಾರಣವೆಂದು ಓದಿ ‘ಐಡ್ಲಿಂಗ್ ಕವಾಟ ಹೋಗಿದೆ’ ಎಂದು ಹೊಸದನ್ನು ಕೂರಿಸುವುದು, ಪೂರ್ತಿ ಮುಚ್ಚಿಕೊಂಡು ತನ್ನ ಕರ್ತವ್ಯವನ್ನು ಕೊನೆಯವರೆಗೂ ಮಾಡಿದ ಕವಾಟವನ್ನು ಶಿಕ್ಷಿಸುವುದಾಗುತ್ತದೆ. ಅದೇ ಉಪಕರಣದಲ್ಲಿ ಕವಾಟದ ಆಗಿನ ಸ್ಥಾನವನ್ನೂ ಓದಬಹುದು: ಪೂರ್ತಿ ಮುಚ್ಚಿರಲು ಆಜ್ಞೆಯಾಗಿದ್ದರೆ ನಿಯಂತ್ರಕ ದೋಷವನ್ನು ಎದುರಿಸುತ್ತಿದೆ, ತೆರೆದಿರಲು ಆಜ್ಞೆಯಾಗಿದ್ದರೆ ಅದೇ ಹೆಚ್ಚು ವೇಗವನ್ನು ಬಯಸುತ್ತಿದೆ. ಈ ಒಂದು ಅಂಕಿ ಸಂಕೇತಸಂಖ್ಯೆಗಿಂತ ಬೆಲೆಯುಳ್ಳದ್ದು. ಮೇಲೆ ಹೇಳಿದ ಕಿಲುಬಿನ ಕೂಡಿಕೆಗಾದರೋ ಸಂಕೇತಸಂಖ್ಯೆಯೇ ಹುಟ್ಟದಿರಬಹುದು, ಏಕೆಂದರೆ ಅದು ಕೊಡುವ ಓದು ತಪ್ಪಾದರೂ ಅಸಂಭವವಲ್ಲ.

ಪಟ್ಟಿಯ ಅಂಕಿಗಳು ಯಾವ ಊರಿನವು ಎಂಬುದನ್ನೂ ಕೇಳಬೇಕು. ವ್ಯಾಕ್ಯೂಂ ಗೇಜಿನಲ್ಲಿ ಸ್ವಸ್ಥ ಎಂಜಿನ್ 17ರಿಂದ 21 ಅಂಗುಲ ಪಾದರಸವನ್ನು ತೋರಬೇಕೆಂದು ಇಂಗ್ಲೆಂಡಿನ, ಅಮೆರಿಕದ ಪುಸ್ತಕಗಳು ಹೇಳುತ್ತವೆ. ಅದು ಸಮುದ್ರಮಟ್ಟದ ಮಾತು. ಪ್ರತಿ ಸಾವಿರ ಅಡಿಗೆ ಸುಮಾರು ಒಂದು ಅಂಗುಲ ಕಳೆಯಬೇಕು. ಬೆಂಗಳೂರು ಸುಮಾರು 3000 ಅಡಿಗಳ ಎತ್ತರದಲ್ಲಿದೆ, ಮಡಿಕೇರಿ ಸುಮಾರು 3800. ಆದುದರಿಂದ ಬೆಂಗಳೂರಿನಲ್ಲಿ 14 ಅಂಗುಲವೂ ಸ್ವಸ್ಥವೇ. ಈ ತಿದ್ದುಪಡಿ ಅನೇಕ ಪುಸ್ತಕಗಳಲ್ಲಿ ಉಂಟು, ಆದರೆ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ. ಸ್ಥಿರವಾಗಿ ಕಡಿಮೆ ನಿಂತ ಮುಳ್ಳಿಗೆ ಪಟ್ಟಿ ಕೊಡುವ ಕಾರಣಗಳಲ್ಲೊಂದು ಇಗ್ನಿಷನ್ ತಡವಾಗಿದೆ ಎಂಬುದು. ಅದನ್ನು ನಂಬಿದವನು ಸರಿಯಾಗಿದ್ದ ಇಗ್ನಿಷನ್ನನ್ನು ಮುಂದೂಡುತ್ತಾನೆ, ವೇಗ ಏರುತ್ತದೆ, ಏರಿದ್ದನ್ನು ಸ್ಕ್ರೂವಿನಿಂದ ಇಳಿಸುತ್ತಾನೆ. ಪಟ್ಟಿಯ ಒಂದು ಸಾಲು ಹುಟ್ಟಿಸಿದ ದೋಷವನ್ನು ಇನ್ನೊಂದು ಸಾಲು ಮುಚ್ಚಿತು. ಎತ್ತರದ ಪ್ರಭಾವ ಗೇಜಿಗೆ ಮಾತ್ರ ಸೀಮಿತವಲ್ಲ. ಸಂದಿಯ ಹರಿವು ಹೊರಗಿನ ಒತ್ತಡಕ್ಕೆ ಅನುಗುಣವಾದುದೆಂದು ಮೊದಲೇ ಹೇಳಿದೆ. ಮಡಿಕೇರಿಯಲ್ಲಿ ಒತ್ತಡ ಸುಮಾರು 88 ಕಿಲೋಪಾಸ್ಕಲ್. ಅಲ್ಲಿ ಸ್ಕ್ರೂ ಹೊಂದಿಸಿದ ಹಳೆಯ ಕಾರ್ಬುರೇಟರ್ ಕಾರು ಮಂಗಳೂರಿಗೆ ಇಳಿದಾಗ ಅದೇ ಸಂದಿ ಶೇಕಡ ಹದಿನೈದರ ಹತ್ತಿರ ಹೆಚ್ಚು ಗಾಳಿಯನ್ನು ಒಳಕ್ಕೆ ಬಿಡುತ್ತದೆ. ರೇಸ್ ಜಾಸ್ತಿಯಾಯಿತೆಂದು ಅಲ್ಲಿ ದೂರುವ ಒಡೆಯನ ಕಾರಿನಲ್ಲಿ ಕೆಟ್ಟದ್ದು ಯಾವುದೂ ಇಲ್ಲ.

ಐಡ್ಲಿಂಗ್ ವೇಗವನ್ನು ಕುರಿತ ನಿದಾನ ಸಾರ್ವಜನಿಕ ಪ್ರಶ್ನೆಯಾದ ಒಂದು ಸಂದರ್ಭ ಉಂಟು. 1980ರ ದಶಕದಲ್ಲಿ ಅಮೆರಿಕದಲ್ಲಿ ಆಟೋಮ್ಯಾಟಿಕ್ ಗೇರಿನ ಆಡಿ 5000 ಕಾರುಗಳು ತಾವಾಗಿಯೇ ಮುನ್ನುಗ್ಗುತ್ತವೆಂಬ ದೂರು ಎದ್ದಿತು, ಸಾವುನೋವುಗಳಾದವು. ಒಂದು ಪಕ್ಷ ಕಾರು ಕೆಟ್ಟಿದೆಯೆಂದಿತು, ಇನ್ನೊಂದು ಚಾಲಕರು ಬ್ರೇಕಿನ ಬದಲು ಆಕ್ಸಿಲರೇಟರನ್ನು ತುಳಿದರೆಂದಿತು. ಅಲ್ಲಿನ ಹೆದ್ದಾರಿ ಸುರಕ್ಷತಾ ಆಡಳಿತ 1989ರಲ್ಲಿ ಹೊರತಂದ ಅಧ್ಯಯನ ಬಹುಪಾಲು ಪ್ರಸಂಗಗಳನ್ನು ಪೆಡಲಿನ ತಪ್ಪಿಗೆ ಸೇರಿಸಿತು. ಆದರೆ ಅಷ್ಟಕ್ಕೆ ನಿಲ್ಲಲಿಲ್ಲ. ಆ ಕಾರುಗಳ ಕೆಲವು ಮಾದರಿಗಳ ಐಡ್ಲಿಂಗ್ ಸ್ಥಿರಕಾರಿ ವ್ಯವಸ್ಥೆ ಕೆಡುತ್ತಿತ್ತು. ಆಗ ವೇಗ ಮಿತಿಮೀರಿ, ಗುರುತ್ವದ ಹತ್ತರಲ್ಲಿ ಮೂರು ಭಾಗದವರೆಗೆ, ಕ್ಷಣಕಾಲ ಕಾರು ಮುಂದಕ್ಕೆ ಜಗ್ಗುತ್ತಿತ್ತು. ದೀರ್ಘವಾದ ನುಗ್ಗುವಿಕೆಗೆ ಇದೊಂದೇ ಕಾರಣವಾಗಲಾರದು. ಆದರೆ ಬೆಚ್ಚಿದ ಚಾಲಕನ ಕಾಲು ತಪ್ಪು ಪೆಡಲಿಗೆ ಹೋಗಲು ಇದು ಪ್ರೇರಕವಾಗಿರಬಹುದು. ಮೂರು ಅಂಕಣಗಳ ಪಟ್ಟಿಯಲ್ಲಿ ಇದನ್ನು ಬರೆಯುವ ಸ್ಥಳ ಎಲ್ಲಿ? ‘ಕವಾಟ’ ಎಂದರೂ ತಪ್ಪು, ‘ಚಾಲಕ’ ಎಂದರೂ ತಪ್ಪು. ಒಂದರಿಂದ ಇನ್ನೊಂದಕ್ಕೆ ಹೋದ ದಾರಿಯನ್ನು ಹೇಳಿದಾಗ ಮಾತ್ರ ಸರಿ. ಎರಡು ಪಕ್ಷಗಳೂ ವರ್ಷಗಟ್ಟಲೆ ವಾದಿಸಿದ್ದು ಪಟ್ಟಿಯ ಭಾಷೆಯಲ್ಲಿ.

ಪಟ್ಟಿಯ ಪರವಾಗಿಯೂ ಹೇಳತಕ್ಕದ್ದಿದೆ. ಅದು ಹುಟ್ಟಿದ್ದು ಬಲ್ಲವನಿಗೆ ಜ್ಞಾಪಕಕ್ಕಾಗಿ. ಒಂದೇ ಬಗೆಯ ಎಂಜಿನ್ನನ್ನು ಇಪ್ಪತ್ತು ವರ್ಷ ಬಿಚ್ಚಿ ಜೋಡಿಸಿದ ಮೇಸ್ತ್ರಿಗೆ ಸಂಪ್ರಾಪ್ತಿಯನ್ನು ಬರೆದು ತೋರಿಸಬೇಕಾಗಿರಲಿಲ್ಲ. ಯಾವುದು ಎಷ್ಟು ಸಲ ಕೆಡುತ್ತದೆಂಬ ಲೆಕ್ಕ ಅವನ ಕೈಯಲ್ಲಿಯೇ ಇತ್ತು. 1960ರ ದಶಕದ ನಡುವಿನಲ್ಲಿ ಇಂಗ್ಲೆಂಡಿನ ಜಾನ್ ಹೇನ್ಸ್ ಕಾರಿನ ಒಡೆಯರಿಗಾಗಿಯೇ ಕೈಪಿಡಿಗಳನ್ನು ಹೊರತರಲು ತೊಡಗಿದಾಗ, 1969ರಲ್ಲಿ ಅಮೆರಿಕದ ಜಾನ್ ಮ್ಯೂರ್ ಫೋಕ್ಸ್‌ವ್ಯಾಗನ್ನಿನ ಮೇಲೆ ಏನೂ ತಿಳಿಯದವನಿಗೆಂದು ಹಂತಹಂತವಾಗಿ ಪುಸ್ತಕ ಬರೆದಾಗ, ಓದುಗ ಬದಲಾದ. ಆ ಬದಲಾವಣೆಯನ್ನು ಮ್ಯೂರ್ ಗುರುತಿಸಿದ್ದಾನೆ, ಅವನ ಪುಸ್ತಕ ಪಕ್ಕದಲ್ಲಿ ನಿಂತು ಮಾತನಾಡುವ ಧಾಟಿಯದು. ಪಟ್ಟಿ ಮಾತ್ರ ಜ್ಞಾಪಕದ ಆಕಾರದಲ್ಲಿಯೇ ಉಳಿದು ಬೋಧನೆಯ ಕೆಲಸಕ್ಕೆ ಬಂದಿತು. ನಮ್ಮ ಕೈಗಾರಿಕಾ ತರಬೇತಿ ಶಾಲೆಗಳ ವಿದ್ಯಾರ್ಥಿ ಅದನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಏಳು ಕಾರಣಗಳಿಗೆ ಏಳು ಅಂಕ ಪಡೆಯಬಲ್ಲನು. ಎದುರಿನ ಎಂಜಿನ್ನಿನ ಮುಂದೆ ಎಲ್ಲಿಂದ ತೊಡಗಬೇಕೆಂಬುದು ಅವನಿಗೆ ತಿಳಿಯದೆ ಹೋಗಬಹುದು.

ಕನ್ನಡದಲ್ಲಿ ಇಂಥ ಕೈಪಿಡಿಯನ್ನು ಬರೆಯುವವರು ಈ ಸಾಲನ್ನು ಸಾಲಾಗಿ ಅಲ್ಲದೆ ಪುಟವಾಗಿ ಬರೆಯಬೇಕೆಂಬುದು ನಮ್ಮ ಸೂಚನೆ. ಮೊದಲು ಬ್ರೇಕಿನ ಪೆಡಲು. ಆಮೇಲೆ ಬಾಯಿ ಮುಚ್ಚುವ ಪರೀಕ್ಷೆ, ಅದರ ಎರಡು ಫಲಗಳಿಗೆ ಎರಡು ದಾರಿ. ಒಂದೊಂದು ದಾರಿಯಲ್ಲಿಯೂ ಎಂಜಿನ್ ಗಾಳಿಯನ್ನು ಅಳೆಯುವ ಬಗೆ ಯಾವುದೆಂಬ ಪ್ರಶ್ನೆ ಕಾರಣಗಳಿಗಿಂತ ಮೊದಲು ಬರಬೇಕು. ಅಂಕಿ ಕೊಟ್ಟಲ್ಲೆಲ್ಲ ಊರಿನ ಎತ್ತರವನ್ನು ಅದೇ ಅಕ್ಷರದಲ್ಲಿ ಅಚ್ಚು ಮಾಡಬೇಕು. ವಿದ್ಯುತ್ತಿನಿಂದ ಥ್ರಾಟಲ್ ತೆರೆಯುವ ಈಚಿನ ಕಾರುಗಳಿಗೆ ಇನ್ನೊಂದು ಮಾತನ್ನು ಸೇರಿಸಬೇಕು. ಅವುಗಳಲ್ಲಿ ಕೆಲವು, ಥ್ರಾಟಲಿನ ಅಂಚಿಗೆ ಕಟ್ಟಿದ ಮಸಿಯನ್ನೂ ಲೆಕ್ಕಕ್ಕೆ ತೆಗೆದುಕೊಂಡು, ಅದಕ್ಕೆ ತಕ್ಕಷ್ಟು ಹೆಚ್ಚು ತೆರೆಯುವುದನ್ನು ಕಲಿತಿರುತ್ತವೆ. ಮಸಿಯನ್ನು ತೊಳೆದ ದಿನವೇ ವೇಗ ಏರುತ್ತದೆ, ಹೊಸದಾಗಿ ಕಲಿಸುವವರೆಗೆ ಇಳಿಯುವುದಿಲ್ಲ. ಪಟ್ಟಿಯಲ್ಲಿ ‘ಥ್ರಾಟಲ್ ತೊಳೆಯಿರಿ’ ಎಂಬುದು ಈಗ ಪರಿಹಾರದ ಅಂಕಣದಲ್ಲಿ ಮಾತ್ರ ಇದೆ.